ಏನೂ ಒತ್ತದವರಿಗೆ ಅತ್ತಿಗೆ

ಮಾತಾಡುವುದಕ್ಕೇ ಸರ್ಕಾರದಿಂದ ಸಂಬಳ ಎಣಿಸಿಕೊಂಡವಳು ನಾನು. ದೂರವಾಣಿ ಇಲಾಖೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದೆ; ಪಿಂಚಣಿಯ ಕಾಗದಕ್ಕೆ ಸಹಿ ಹಾಕುವ ಹೊತ್ತಿಗೆ ಆ ಹುದ್ದೆಯೇ ಊರು ಬಿಟ್ಟಿತ್ತು. ಈಗ ಗಾಳಿಬೀಡು ಕಡೆ ಅಣ್ಣನ ಮನೆಯಲ್ಲಿದ್ದೇನೆ. ಈ ಮನೆಯಲ್ಲಿ ಯಾರಾದರೂ ಫೋನಿನಲ್ಲಿ ಒಂದೂವರೆ ನಿಮಿಷ ದಾಟಿ ಮಾತಾಡಿದರೆ ಅಣ್ಣನ ಮಗ ಬೆಂಗಳೂರಿನ ಒಂದು ಕಂಪನಿಗೆ ದುಡ್ಡು ಕಟ್ಟಬೇಕು.

ನಮ್ಮದು ಹೋಂಸ್ಟೇ. ಮಡಿಕೇರಿ ಸುತ್ತ ಹತ್ತು ಮನೆಗೆ ಒಂದು ಬೋರ್ಡು ಇರುವ ಕಾಲದಲ್ಲಿ ಇದೇನೂ ಹೆಚ್ಚುಗಾರಿಕೆಯಲ್ಲ. ಬೋರ್ಡು ನೋಡಿ ಬರುವ ಕಾಲವೂ ಹೋಯಿತು. ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಕೂತವರು ಫೋನಿನಲ್ಲಿ ಕೂರ್ಗ್ ಹೋಂಸ್ಟೇ ಎಂದು ಹುಡುಕುತ್ತಾರೆ, ಜಾಹೀರಾತಿನ ಕೆಳಗಿರುವ ಫೋನಿನ ಚಿತ್ರ ಮುಟ್ಟುತ್ತಾರೆ, ನಮ್ಮ ಮನೆಯಲ್ಲಿ ಗಂಟೆ ಹೊಡೆಯುತ್ತದೆ. ಅಲ್ಲಿ ಕಾಣುವ ನಂಬರು ನಮ್ಮದಲ್ಲ, ಕಂಪನಿಯದು. ಕರೆ ಮೊದಲು ಅವರಲ್ಲಿಗೆ ಹೋಗಿ, ಲೆಕ್ಕದ ಪುಸ್ತಕಕ್ಕೆ ಏರಿ, ಆಮೇಲೆ ನಮ್ಮಲ್ಲಿಗೆ ಬರುತ್ತದೆ. ಜಾಹೀರಾತಿಗೆ ದುಡ್ಡಿಲ್ಲ, ನೋಡಿದವರಿಗೆ ದುಡ್ಡಿಲ್ಲ. ಕರೆ ಬಂದು ತೊಂಬತ್ತು ಸೆಕೆಂಡು ಮಾತು ನಡೆದರೆ ಅದು ‘ಲೀಡ್’, ಆ ಲೀಡಿಗೆ ಇಷ್ಟು ಎಂದು ದರ. ಕರೆ ಮಾಡಿದವರು ಬಂದು ಉಳಿದರೂ ಅಷ್ಟೆ, ಉಳಿಯದಿದ್ದರೂ ಅಷ್ಟೆ. ತೊಂಬತ್ತು ಸೆಕೆಂಡು ಯಾಕೆಂದರೆ, ರಾಂಗ್ ನಂಬರಿನವರು ಅಷ್ಟರೊಳಗೆ ಸಾರಿ ಹೇಳಿ ಇಟ್ಟಿರುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತು ನಿಂತವರು ಗಿರಾಕಿಯೇ ಇರಬೇಕು ಎಂದು ಕಂಪನಿಯವರ ನಂಬಿಕೆ.

ಈ ಲೆಕ್ಕ ಹಾಕಿದವರು ನಮ್ಮ ಅತ್ತಿಗೆಯನ್ನು ಕಂಡವರಲ್ಲ.

“ರೂಮ್ ಉಂಟಾ?” ಎಂದು ಆ ಕಡೆಯಿಂದ ಕೇಳಿದರೆ ಅತ್ತಿಗೆ ಉಂಟು ಎಂದೋ ಇಲ್ಲ ಎಂದೋ ಹೇಳುವವರಲ್ಲ. “ನೀವು ಯಾವ ಕಡೆಯವರು?” ಎನ್ನುತ್ತಾರೆ. ಹುಬ್ಬಳ್ಳಿ ಎಂದರೆ ಮುಗಿಯಿತು. ಅವರ ಚಿಕ್ಕಮ್ಮನ ಮಗಳನ್ನು ಕೊಟ್ಟಿರುವುದು ಹುಬ್ಬಳ್ಳಿಗೆ. ಅಲ್ಲಿಯ ಬಿಸಿಲು, ನೀರು ಬರುವ ದಿನ, ಜೋಳದ ರೊಟ್ಟಿ ಇವರಿಗೆ ಒಗ್ಗದೆ ಹೋದ ಕಥೆ ಎಲ್ಲ ಆಗಬೇಕು. ಆಮೇಲೆ ಮಕ್ಕಳೆಷ್ಟು, ಸಣ್ಣವನಿಗೆ ಬಸ್ಸಿನಲ್ಲಿ ವಾಂತಿ ಆಗುತ್ತದಾ, ಆಗುವುದಾದರೆ ಕುಶಾಲನಗರ ದಾಟಿದ ಮೇಲೆ ಏನೂ ತಿನ್ನಿಸಬೇಡಿ, ಹಂದಿ ತಿನ್ನುತ್ತೀರಾ, ತಿನ್ನದಿದ್ದರೆ ಕೋಳಿ ಮಾಡುತ್ತೇನೆ, ಅದೂ ಇಲ್ಲದಿದ್ದರೆ ಕಣಿಲೆ ಸಿಗುವ ಕಾಲ ನೋಡಿ ಬನ್ನಿ. ಇಷ್ಟೆಲ್ಲ ಕೇಳಿ ಹೂಂಗುಟ್ಟಿದ ಆ ಪುಣ್ಯಾತ್ಮ ಕೊನೆಗೆ, “ಅಲ್ಲ ಅಮ್ಮಾ, ನಾವು ಬೇರೆ ಕಡೆ ರೂಮ್ ಮಾಡಿಯಾಗಿದೆ. ಅಬ್ಬಿ ಫಾಲ್ಸ್‌ನಲ್ಲಿ ಈಗ ನೀರು ಉಂಟಾ ಅಂತ ಕೇಳೋಣ ಅಂತ ಮಾಡಿದ್ದು” ಎನ್ನುತ್ತಾನೆ. ಅತ್ತಿಗೆ ಅದಕ್ಕೂ ಉತ್ತರ ಹೇಳುತ್ತಾರೆ. ತಿಂಗಳ ಕೊನೆಯಲ್ಲಿ ಬಿಲ್ಲಿನಲ್ಲಿ ಅವನೂ ಒಂದು ಲೀಡ್.

ಕಂಪನಿಯ ಹುಡುಗ ಒಮ್ಮೆ ಫೋನ್ ಮಾಡಿ, ಮೇಡಂ ಕರೆ ನಿಭಾಯಿಸುವ ರೀತಿ ಬಹಳ ಚೆನ್ನಾಗಿದೆ, ಹೀಗೇ ಮುಂದುವರಿಸಲಿ ಎಂದು ಹೊಗಳಿದ. ಅತ್ತಿಗೆ ಆ ದಿನವೆಲ್ಲ ಹಿಗ್ಗಿದರು. ಅಣ್ಣನ ಮಗ ಆ ದಿನ ಊಟವನ್ನೇ ಸರಿಯಾಗಿ ಮಾಡಲಿಲ್ಲ.

ಅವನು ಕಂಡುಕೊಂಡ ಮದ್ದು ಐವಿಆರ್. ಅದೇ, ಇದಕ್ಕಾಗಿ ಒಂದನ್ನು ಒತ್ತಿ, ಅದಕ್ಕಾಗಿ ಎರಡನ್ನು ಒತ್ತಿ ಎನ್ನುವ ಯಂತ್ರ. ಒಪ್ಪಂದದಲ್ಲಿ ಅವನೊಂದು ಸಂದು ಹಿಡಿದಿದ್ದ: ಕಂಪನಿಯ ಗಡಿಯಾರ ಓಡಲು ಶುರುವಾಗುವುದು ಕರೆ ನಮ್ಮ ಮನೆಗೆ ತಗುಲಿದ ಮೇಲೆ. ಅದಕ್ಕೆ ಮೊದಲು ಯಂತ್ರದ ಜೊತೆ ಎಷ್ಟು ಹೊತ್ತು ಇದ್ದರೂ ಪುಕ್ಕಟೆ. ದಾರಿ ಕೇಳುವವರು, ಮಳೆ ಕೇಳುವವರು, ಸೋಲಾರ್ ಮಾರುವವರು, ಕೆಲಸ ಉಂಟಾ ಎನ್ನುವವರು ಎಲ್ಲರನ್ನೂ ಅಲ್ಲೇ ಸೋಸಿಬಿಟ್ಟರೆ, ತಾರೀಖು ಹಿಡಿದುಕೊಂಡು ಬಂದವರು ಮಾತ್ರ ಅವ್ವನ ತನಕ ತಲುಪುತ್ತಾರೆ. “ಅತ್ತೆ, ನೀವೇ ಬರೆದು ನೀವೇ ಹೇಳಬೇಕು. ಇಲಾಖೆಯ ದನಿ ಅಲ್ಲವಾ ನಿಮ್ಮದು” ಎಂದ. ಸ್ಟುಡಿಯೋದ ದನಿಗೆ ದುಡ್ಡು ಕೇಳುತ್ತಾರೆ, ಅತ್ತೆಯ ದನಿಗೆ ಇಲ್ಲ ಎನ್ನುವುದನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಸಣ್ಣ ಊರಿನ ಎಕ್ಸ್‌ಚೇಂಜ್ ಎಂದರೆ ಒಂದು ಮರದ ಹಲಗೆ, ಅದರ ತುಂಬ ತೂತು, ಪ್ರತಿ ತೂತಿನ ಮೇಲೊಂದು ಹಿತ್ತಾಳೆಯ ಪುಟ್ಟ ಮುಚ್ಚಳ. ಎಸ್ಟೇಟಿನ ಬಂಗಲೆಯಲ್ಲಿ ದೊರೆ ಹಿಡಿಕೆ ತಿರುಗಿಸಿದರೆ ನಮ್ಮಲ್ಲಿ ಅವರ ನಂಬರಿನ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ವೈರಿನ ಒಂದು ತುದಿ ಅವರ ತೂತಿಗೆ, ಇನ್ನೊಂದು ತುದಿ ಅವರು ಕೇಳಿದವರ ತೂತಿಗೆ. ಕೇಳುವುದಾದರೂ ನಂಬರು ಹೇಳಿ ಕೇಳುತ್ತಿದ್ದರೇ? “ಡಾಕ್ಟರಿಗೆ ಕೊಡಮ್ಮ” ಎನ್ನುತ್ತಿದ್ದರು. ಡಾಕ್ಟರು ಈ ಹೊತ್ತಿಗೆ ಮನೆಯಲ್ಲಿರುವುದಿಲ್ಲ, ಕ್ಲಬ್ಬಿನಲ್ಲಿ ಇಸ್ಪೀಟಿಗೆ ಕೂತಿರುತ್ತಾರೆ ಎಂದು ನನಗೆ ಗೊತ್ತು, ಕ್ಲಬ್ಬಿಗೇ ಕೊಡುತ್ತಿದ್ದೆ. ಹೊರ ಊರಿಗಾದರೆ ಟ್ರಂಕ್ ಬುಕ್ ಮಾಡಬೇಕು: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಮೂರು ನಿಮಿಷ ಆದಾಗ ನಡುವೆ ಬಾಯಿ ಹಾಕಿ, ಮುಂದುವರಿಸುತ್ತೀರಾ ಎಂದು ಕೇಳುವುದು ನಮ್ಮ ಕರ್ತವ್ಯ. ಮೈಸೂರಿನಲ್ಲಿ ಓದುವ ಮಗನ ಹತ್ತಿರ ತಾಯಿ ಆಗಷ್ಟೇ ಅಳಲು ಶುರುಮಾಡಿರುತ್ತಿದ್ದಳು. ಎಷ್ಟೋ ಸಲ ಗಡಿಯಾರ ನೋಡಿದರೂ ನೋಡದಂತೆ ಕೂತದ್ದುಂಟು.

ಪಿ.ಪಿ. ಕಾಲ್ ಎಂದೊಂದಿತ್ತು. ಇಂಥವರೇ ಬೇಕು ಎಂದು ಹೆಸರು ಹೇಳಿ ಬುಕ್ ಮಾಡುವುದು. ಅವರನ್ನು ಹುಡುಕಿ ಕರೆಸುವುದಕ್ಕೆ ಸ್ವಲ್ಪ ಹೆಚ್ಚು ಶುಲ್ಕ. ಆದರೆ ಆ ವ್ಯಕ್ತಿ ಸಿಗದಿದ್ದರೆ ಮಾತಿನ ಪೂರ್ತಿ ದರ ಇಲ್ಲ. ಬೇಕಾದವರು ಸಿಕ್ಕಿದರೆ ಮಾತ್ರ ದುಡ್ಡು ಎನ್ನುವ ಈಗಿನ ಜಾಹೀರಾತಿನ ಜಾಣತನವನ್ನು ಅಂಚೆ ತಂತಿಯವರು ಆಗಲೇ ಕಲಿತಿದ್ದರು ಎಂದು ಅಣ್ಣನ ಮಗನಿಗೆ ಹೇಳಿದೆ. ಅವನು ಫೋನಿನಿಂದ ತಲೆ ಎತ್ತದೆ ಹೌದಾ ಎಂದ.

ಇನ್ನೊಂದು ಸಂಗತಿಯನ್ನು ಅವನಿಗೆ ಹೇಳಿಲ್ಲ. ನಮ್ಮ ಊರಿನಲ್ಲಿ ಕರಿಮೆಣಸು ಕೊಳ್ಳುವ ವ್ಯಾಪಾರಿಗಳು ಇಬ್ಬರಿದ್ದರು. “ಮೆಣಸಿನ ಸಾಹುಕಾರರಿಗೆ ಕೊಡಿ” ಎಂದಷ್ಟೇ ಹೇಳುವ ಬೆಳೆಗಾರರೂ ಇದ್ದರು. ಯಾವ ಸಾಹುಕಾರರಿಗೆ? ಅದು ನನ್ನ ಕೈಯಲ್ಲಿದ್ದ ವೈರಿನ ತುದಿಯಲ್ಲಿತ್ತು. ಒಂದು ಕರೆ ಅವರಿಗೆ, ಮುಂದಿನದು ಇವರಿಗೆ ಎಂದು ಮನಸ್ಸಿನಲ್ಲೇ ಪಾಳಿ ಇಟ್ಟುಕೊಂಡಿದ್ದೆ. ಹುತ್ತರಿ ಹಬ್ಬಕ್ಕೆ ಇಬ್ಬರ ಅಂಗಡಿಯಿಂದಲೂ ಕಿತ್ತಳೆ ಬುಟ್ಟಿ ಬರುತ್ತಿತ್ತು, ಎರಡೂ ಒಂದೇ ಗಾತ್ರದ್ದು. ಈಗಿನ ಕರೆ ಹಂಚುವ ಯಂತ್ರಗಳೂ ಸರದಿ ಪ್ರಕಾರವೇ ಹಂಚುತ್ತವಂತೆ. ಅವಕ್ಕೆ ಕಿತ್ತಳೆ ಕೊಡುವವರಿಲ್ಲ.

ಎಲ್ಲ ಆಪರೇಟರುಗಳೂ ನನ್ನಷ್ಟು ನ್ಯಾಯವಾಗಿ ಇರಲಿಲ್ಲ ಎನ್ನುವ ಅಪವಾದದಿಂದಲೇ ಅಲ್ಲವೇ ನಮ್ಮ ಕುಲ ನಾಶವಾದದ್ದು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತ ಇದ್ದ. ಶವಸಂಸ್ಕಾರ ಮಾಡಿಸಿಕೊಡುವುದು ಅವನ ವ್ಯಾಪಾರ. ಊರಿನಲ್ಲಿ ಸಾವಾದರೂ ಅವನ ಫೋನು ಗಂಟೆ ಹೊಡೆಯದು. ಎದುರಾಳಿ ವ್ಯಾಪಾರಿಯ ಹೆಂಡತಿ ಎಕ್ಸ್‌ಚೇಂಜಿನಲ್ಲಿ ಆಪರೇಟರ್, ಹೆಣದ ಕರೆಗಳನ್ನೆಲ್ಲ ಗಂಡನ ಅಂಗಡಿಗೆ ತಿರುಗಿಸುತ್ತಾಳೆ ಎಂದು ಇವನಿಗೆ ಗುಮಾನಿ ಹತ್ತಿತು ಎಂದು ಕಥೆ. ಜಗಳ ಮಾಡಬಹುದಿತ್ತು. ಬದಲಿಗೆ ಅವನು ಆಪರೇಟರೇ ಬೇಡದ ಎಕ್ಸ್‌ಚೇಂಜನ್ನು ಕಂಡುಹಿಡಿದ. 1891ರಲ್ಲಿ ಪೇಟೆಂಟು ಬಂತು. ಮರುವರ್ಷ ಇಂಡಿಯಾನಾದ ಲಾ ಪೋರ್ಟ್ ಎಂಬ ಊರಿನಲ್ಲಿ ಅದು ಕೆಲಸಕ್ಕೂ ನಿಂತಿತು. ನಮ್ಮ ದೇಶದಲ್ಲೂ ಸ್ಟ್ರೌಜರ್ ಎಕ್ಸ್‌ಚೇಂಜುಗಳು ಬಂದವು. ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲೇ ಅವನ್ನು ತಯಾರಿಸುತ್ತಿದ್ದರು. ಯಾರ ಕರೆ ಯಾರ ಅಂಗಡಿಗೆ ಎನ್ನುವ ಒಬ್ಬ ವ್ಯಾಪಾರಿಯ ಹೊಟ್ಟೆಯುರಿ ಅಷ್ಟು ದೂರ ಬಂದಿತ್ತು.

ಹಳ್ಳಿಯ ಪಾಲಿನದು ಬಂದದ್ದು ತಡವಾಗಿ. ಸ್ಯಾಮ್ ಪಿತ್ರೋಡಾ ಅವರ ದೂರವಾಣಿ ಸಂಶೋಧನಾ ಸಂಸ್ಥೆ ಸಿ-ಡಾಟ್ ಹುಟ್ಟಿದ್ದು 1984ರಲ್ಲಿ. ಅವರು ಮಾಡಿದ ನೂರಿಪ್ಪತ್ತೆಂಟು ಲೈನಿನ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲಿ. ಎಸಿ ಕೋಣೆ ಬೇಡ, ಧೂಳು ಸೆಕೆ ಎಲ್ಲ ತಡೆಯುತ್ತದೆ ಎಂದು ಅದರ ಹೆಚ್ಚುಗಾರಿಕೆ. ಅಂಥದ್ದೇ ಪೆಟ್ಟಿಗೆ ಕೊಡಗಿನ ಊರುಗಳಿಗೂ ಬಂತು, ನಮ್ಮನ್ನು ಬಿಲ್ಲಿಂಗ್ ಕೌಂಟರಿಗೆ ಹಾಕಿದರು. ಸಂಬಳ ಅಷ್ಟೇ ಇತ್ತು. ಯಾರ ಮನೆಯಲ್ಲಿ ಏನು ನಡೆಯಿತು ಎಂದು ಮಾತ್ರ ಆಮೇಲೆ ನನಗೆ ‘ಶಕ್ತಿ’ ಪೇಪರಿನಿಂದಲೇ ತಿಳಿಯಬೇಕಾಯಿತು.

ಇಷ್ಟು ಹಿನ್ನೆಲೆ ಇಟ್ಟುಕೊಂಡು ಐವಿಆರಿನ ಮೆನು ಬರೆಯಲು ಕೂತೆ. ಅಣ್ಣನ ಮಗ ನಿಯಮ ಹೇಳಿದ. ಸ್ವಾಗತ ಏಳು ಸೆಕೆಂಡು ಮೀರಬಾರದು. ನಾಲ್ಕಕ್ಕಿಂತ ಹೆಚ್ಚು ಆಯ್ಕೆ ಕೊಟ್ಟರೆ ಜನ ಮೊದಲಿನದನ್ನು ಮರೆಯುತ್ತಾರೆ. ಕೆಲಸ ಮೊದಲು ಹೇಳಿ ಅಂಕಿ ಆಮೇಲೆ ಹೇಳಬೇಕು. ಅಂಕಿ ಮೊದಲು ಬಂದರೆ ಕೆಲಸ ಕೇಳುವಷ್ಟರಲ್ಲಿ ಅಂಕಿ ತಲೆಯಿಂದ ಹಾರಿರುತ್ತದೆ. ದುಡ್ಡು ತರುವವರ ಆಯ್ಕೆ ಮೇಲೆ, ತಲೆ ತಿನ್ನುವವರದು ಕೆಳಗೆ. ಬೆಂಗಳೂರಿನ ಜಾಹೀರಾತಿಗೆ ಒಂದು ನಂಬರು, ಕೇರಳದ ಜಾಹೀರಾತಿಗೆ ಇನ್ನೊಂದು. ಯಾವುದು ಹೆಚ್ಚು ಗಂಟೆ ಹೊಡೆಯುತ್ತದೆ ಎಂದು ನೋಡಿ ದುಡ್ಡು ಅಲ್ಲಿಗೆ ಸುರಿಯುವುದು. ಒಂದೊಂದೂ ಸರಿಯಾದ ಮಾತೇ, ತೆಗೆದುಹಾಕುವಂತಿಲ್ಲ.

ಅತ್ತಿಗೆಯ ಬೇಡಿಕೆಗಳು ಬೇರೆ. ಸ್ವಾಗತದಲ್ಲಿ ಮನೆಯ ಹೆಸರು, ನಾಡಿನ ಹೆಸರು, ಅಜ್ಜ ಕಟ್ಟಿಸಿದ ವರ್ಷ ಬರಬೇಕು. ಹುತ್ತರಿ ಸಮಯದಲ್ಲಿ ನೆರೆ ಕಟ್ಟುವುದು ಎಷ್ಟು ಹೊತ್ತಿಗೆ, ಕದಿರು ತೆಗೆಯುವುದು ಎಷ್ಟು ಹೊತ್ತಿಗೆ ಎಂದು ನೆಂಟರು ಕೇಳುತ್ತಾರೆ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ನಿಗದಿಯಾದ ಕೂಡಲೇ ಅದಕ್ಕೊಂದು ಅಂಕಿ ಬೇಕು. ಅಣ್ಣ ಒಳಗಿನಿಂದ ಕೂಗಿ ಹೇಳಿದ, ಮಳೆಗೂ ಒಂದು ಇರಲಿ. ಕಾಫಿಯವರಿಗೆ ಮಾರ್ಚ್ ಏಪ್ರಿಲ್ ಬಂದರೆ ಬೇರೆ ಮಾತಿಲ್ಲ. ಹೂಮಳೆ ಬಿದ್ದ ರಾತ್ರಿ ಒಬ್ಬರಿಗೊಬ್ಬರು ಫೋನ್ ಮಾಡಿ, “ನಿಮ್ಮಲ್ಲಿ ಎಷ್ಟು?” ಎನ್ನುತ್ತಾರೆ. “ಅರವತ್ತು ಸೆಂಟ್.” “ನಮ್ಮಲ್ಲಿ ಇಪ್ಪತ್ತಕ್ಕೇ ನಿಂತಿತು ಮಾರಾಯ.” ದೇಶವೆಲ್ಲ ಮಿಲಿಮೀಟರಿಗೆ ಹೋದರೂ ಇಲ್ಲಿ ಮಳೆ ಇಂಚು ಸೆಂಟಿನಲ್ಲೇ ಬೀಳುವುದು. ಅರ್ಧ ಮೈಲಿ ಆಚೆಯ ತೋಟದಲ್ಲಿ ಹೂ ಅರಳಿ ಇವನದು ಮೊಗ್ಗಿನಲ್ಲೇ ಒಣಗಿದಾಗ, ಆ ಸಂಕಟಕ್ಕೆ ಎಷ್ಟನ್ನು ಒತ್ತಬೇಕು ಎಂದು ನಾನು ಬರೆಯಲಿ?

ಯಂತ್ರದ ದನಿಯನ್ನು ಹೀಗಳೆಯುವುದೂ ನನಗೆ ಸಾಧ್ಯವಿಲ್ಲ. ಕಾಫಿ ಬೋರ್ಡಿನವರು 2018ರಲ್ಲಿ ‘ಕಾಫಿ ಕೃಷಿ ತರಂಗ’ ಎಂದು ಶುರುಮಾಡಿದರು, ಮೊದಲು ಚಿಕ್ಕಮಗಳೂರು, ಹಾಸನ ಕಡೆಯ ಬೆಳೆಗಾರರಿಗೆ. ಫೋನಿಗೆ ಕರೆ ಬರುತ್ತದೆ, ಕನ್ನಡದಲ್ಲಿ ಗೊಬ್ಬರದ ವಿಷಯ, ಕಾಂಡ ಕೊರಕದ ವಿಷಯ ಹೇಳುತ್ತದೆ. ನಮ್ಮ ಸಂಶಯವನ್ನು ನಾವೂ ಹೇಳಿ ಇಡಬಹುದು, ತಿಳಿದವರು ಕೇಳಿ ಉತ್ತರ ಕಳಿಸುತ್ತಾರೆ. ಇದರಲ್ಲಿ ಬೋರ್ಡಿನ ಜೊತೆ ಕೈಜೋಡಿಸಿದ ಸಂಸ್ಥೆಯನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಮೈಕಲ್ ಕ್ರೆಮರ್ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸಕಲೇಶಪುರದ ನಮ್ಮ ಭಾವ ಆ ಕರೆಗೆ ಕಾಯುತ್ತಿದ್ದರು. ಯಾಕೆ ಎಂದು ಕೇಳಿದರೆ, “ಅದು ನಾನು ಹೇಳಿದ್ದು ಪೂರ್ತಿ ಕೇಳುತ್ತದೆ, ನಿಮ್ಮಕ್ಕ ಕೇಳುವುದಿಲ್ಲ” ಎಂದರು.

ರೆಕಾರ್ಡಿಂಗ್ ನಡೆದದ್ದು ಕಾಫಿ ಇಡುವ ಕೋಣೆಯಲ್ಲಿ. ಪಾರ್ಚ್‌ಮೆಂಟ್ ತುಂಬಿದ ಗೋಣಿಗಳನ್ನು ಸುತ್ತ ಎದೆಮಟ್ಟ ಪೇರಿಸಿದ್ದರಿಂದ ದನಿ ಒಂದಿಷ್ಟೂ ಮಾರ್ದನಿಸಲಿಲ್ಲ. ಯಾವ ಸ್ಟುಡಿಯೋಗೂ ಕಡಿಮೆಯಿಲ್ಲ. ಗೋಣಿಯ ಧೂಳಿಗೆ ಸೀನು, ಹೊರಗೆ ಕೋಳಿ, ಅತ್ತಿಗೆ ಬಾಗಿಲು ತೆರೆದು “ಆಯ್ತಾ?” ಎನ್ನುವುದು, ಇವೆಲ್ಲದರ ನಡುವೆ ಕೊನೆಗೊಂದು ಸರಿಬಂತು. ಅದರ ಹಿಂದೆ ಒಂದು ಜೀರುಂಡೆ ಉಳಿದುಕೊಂಡಿದೆ. ಅಳಿಸುತ್ತೇನೆ ಎಂದು ಅಣ್ಣನ ಮಗ ಹೊರಟವನು, ಬೆಂಗಳೂರಿನವರಿಗೆ ಅದು ಹಿಡಿಸಿತು ಎಂದು ತಿಳಿದ ಮೇಲೆ ಸುಮ್ಮನಾದ.

ಕೆಲಸವೇನೋ ಆಯಿತು. ಲೀಡಿನ ಬಿಲ್ಲು ಇಳಿಯಿತು, ಬರುವ ಅತಿಥಿಗಳು ಕಡಿಮೆಯಾಗಲಿಲ್ಲ. ಅವನು ಲ್ಯಾಪ್‌ಟಾಪಿನಲ್ಲಿ ಒಂದು ಗೆರೆ ತೋರಿಸಿದ. ನನ್ನ ಮಾತಿನ ಯಾವ ಸೆಕೆಂಡಿನಲ್ಲಿ ಎಷ್ಟು ಜನ ಫೋನ್ ಇಟ್ಟರು ಎಂದು ಅದರಲ್ಲಿ ಇದೆ. ಕೇಳುವವರು ಯಾವ ಪದದ ಮೇಲೆ ಎದ್ದು ಹೋದರು ಎಂದು ಕಣ್ಣಾರೆ ನೋಡುವ ಗ್ರಹಚಾರ ಯಾವ ಹರಿಕಥೆ ದಾಸರಿಗೂ ಬಂದಿರಲಾರದು. “ಮನೆಯಲ್ಲಿ ಮೊಬೈಲ್ ರೇಂಜ್ ಸರಿಯಾಗಿ ಸಿಗುವುದಿಲ್ಲ” ಎನ್ನುವಲ್ಲಿ ಗೆರೆ ಬಾವಿಗೆ ಬಿದ್ದ ಕೊಡದ ಹಾಗೆ ಇಳಿದಿತ್ತು. ಆ ವಾಕ್ಯ ತೆಗೆದುಬಿಡೋಣ ಎಂದೆ. “ಬೇಡ ಅತ್ತೆ, ಅದೇ ಚಿನ್ನದಂಥ ವಾಕ್ಯ. ಇಲ್ಲಿಗೆ ಬಂದು ವೈಫೈ ಇಲ್ಲ ಎಂದು ಜಗಳ ಆಡುವವರು ಅಲ್ಲೇ ಪುಕ್ಕಟೆಯಾಗಿ ಇಳಿದು ಹೋಗುತ್ತಿದ್ದಾರೆ” ಎಂದ. ನಮ್ಮ ಕಾಲದಲ್ಲಿ ಕರೆಯನ್ನು ಹೇಗಾದರೂ ಸೇರಿಸಬೇಕು ಎಂದು ರಾತ್ರಿಯೆಲ್ಲ ವಿರಾಜಪೇಟೆ, ಮೈಸೂರು ಎಂದು ಕೂಗುತ್ತಿದ್ದೆವು. ಸೇರಿಸದೆ ಇರುವುದೂ ಒಂದು ವಿದ್ಯೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮನೆಯ ಫೋನು ಮಾತ್ರ ತೆಪ್ಪಗಾಯಿತು. ಬರುವ ಒಂದೆರಡು ಕರೆಯವರೂ ತಾರೀಖು, ತಲೆ, ದರ ಮೂರೇ ಮಾತಾಡುತ್ತಾರೆ. ಅತ್ತಿಗೆ ಯಾವ ಊರು ಎಂದು ಕೇಳುವಷ್ಟರಲ್ಲಿ ಥ್ಯಾಂಕ್ಯೂ ಎಂದಿರುತ್ತಾರೆ. “ಬರುವವರು ಯಾರು ಅಂತ ಗೊತ್ತಿಲ್ಲದೆ ಅಡುಗೆ ಹೇಗೆ ಮಾಡುವುದು?” ಎಂದು ಅವರ ಗೊಣಗಾಟ.

2018ರ ಆಗಸ್ಟಿನಲ್ಲಿ ಗುಡ್ಡ ಜರಿಯಿತಲ್ಲ. ಮಕ್ಕಂದೂರು, ಜೋಡುಪಾಲದ ಕಡೆ ಮನೆ ತೋಟ ಎಲ್ಲ ಮಣ್ಣಿನ ಕೆಳಗೆ ಹೋಯಿತು, ಪ್ರವಾಸಿಗರು ಬರಬೇಡಿ ಎಂದು ಜಿಲ್ಲಾಡಳಿತ ಹೇಳಿತು. ಆಗ ನಮ್ಮಲ್ಲಿ ಈ ಕಂಪನಿಯೂ ಇಲ್ಲ, ಮೆನುವೂ ಇಲ್ಲ. ಲೈನು ಸರಿಯಾದ ದಿನದಿಂದ ಗಂಟೆ ನಿಲ್ಲಲೇ ಇಲ್ಲ. ಎಂದೋ ಒಂದು ರಾತ್ರಿ ಉಳಿದು ಹೋದವರು, ಹೆಸರು ಹೇಳಿದರೂ ನಮಗೆ ಮುಖ ನೆನಪಾಗದವರು. “ಆಂಟಿ, ಮನೆ ಹೇಗುಂಟು? ಹಿಂದಿನ ಬರೆ ಜಾರಿಲ್ಲ ತಾನೆ? ಆ ಕಪ್ಪು ನಾಯಿ?” ಒಬ್ಬರು ಅಕ್ಕಿ ಕಳಿಸಲಾ ಎಂದು ಕೇಳಿದರು. ಅತ್ತಿಗೆ ಒಬ್ಬೊಬ್ಬರಿಗೂ ನಾಯಿಯ ಕ್ಷೇಮ ಹೇಳಿದರು. ಈಗಿನ ನಮ್ಮ ಮೆನುವಿನಲ್ಲಿ ಆ ಜನ ಎಲ್ಲಿ ಸಿಕ್ಕಿಕೊಳ್ಳುತ್ತಿದ್ದರು ಎಂದು ಲೆಕ್ಕ ಹಾಕಿ ನೋಡಿದೆ. ರೂಮಿಗೆ ಒಂದು, ದಾರಿಗೆ ಎರಡು, ನೋಡುವ ಜಾಗಗಳಿಗೆ ಮೂರು, ಹಳೆಯ ಬುಕಿಂಗಿಗೆ ನಾಲ್ಕು. ನಾಯಿಗೆ ಇಲ್ಲ.

ಇದಕ್ಕೊಂದು ದಾರಿ ತೋರಿಸಿದವರು ಭಾಗಮಂಡಲದ ದೊಡ್ಡಮ್ಮ. ಅವರ ಮನೆಯಲ್ಲಿ ಇನ್ನೂ ಬೆರಳಿಟ್ಟು ತಿರುಗಿಸುವ ಕಪ್ಪು ಫೋನು ಉಂಟು, ಕಾಡಿನ ದಾರಿಯಲ್ಲಿ ಲೈನು ಇರುವಷ್ಟು ದಿನ ಅದೂ ನಡೆಯುತ್ತದೆ. ಆ ಫೋನಿನಲ್ಲಿ ಒತ್ತುವುದಕ್ಕೆ ಗುಂಡಿಯೇ ಇಲ್ಲ. ಒತ್ತಿದರೆ ಎರಡು ಸ್ವರ ಕೂಡಿ ಪೀಂ ಎನ್ನುವ ಫೋನು ಅಮೆರಿಕದಲ್ಲಿ ಬಂದದ್ದು 1963ರಲ್ಲಿ. ಯಂತ್ರಕ್ಕೆ ಅರ್ಥವಾಗುವುದು ಆ ಪೀಂ ಮಾತ್ರ. ಡಯಲಿನ ಕಟಕಟ ಅದರ ಕಿವಿಗೆ ಹೋಗುವುದಿಲ್ಲ. ದೊಡ್ಡಮ್ಮ ಮೆನು ಪೂರ್ತಿ ಕೇಳಿ, ನನ್ನ ದನಿ ಗುರುತು ಹಿಡಿದು, ಊಟ ಆಯ್ತಾ ಎಂದು ವಿಚಾರಿಸಿ, ನಾನು ಉತ್ತರ ಕೊಡದೆ ಮತ್ತೆ ರೂಮಿಗೆ ಒಂದು ಎಂದು ಶುರುಮಾಡಿದ್ದಕ್ಕೆ ಬೇಸರ ಮಾಡಿಕೊಂಡರು. ನೆಂಟರ ಮದುವೆಯಲ್ಲಿ ಸಿಕ್ಕಿದಾಗ ಎಲ್ಲರ ಮುಂದೆ, ಇಲಾಖೆಯಲ್ಲಿದ್ದಾಗ ನಿನಗೆ ಇಷ್ಟು ಜಂಬ ಇರಲಿಲ್ಲ ಎಂದೂ ಹೇಳಿದರು.

ಆಮೇಲೆ ನಾನು ಹಠ ಹಿಡಿದೆ. ಏನನ್ನೂ ಒತ್ತದೆ ಸುಮ್ಮನೆ ಕೂತವರ ಕರೆಯನ್ನು ಯಂತ್ರ ಕತ್ತರಿಸಬಾರದು, ಎರಡು ಸಲ ಹೇಳಿ ನೋಡಿ ನೇರ ಅತ್ತಿಗೆಗೆ ಕೊಡಬೇಕು. ಅಣ್ಣನ ಮಗ ಲೀಡಿನ ಖರ್ಚು ಎಂದು ಎಷ್ಟೋ ಹೇಳಿದ. ದನಿ ನನ್ನದು, ವಾಪಸು ತೆಗೆದುಕೊಳ್ಳುತ್ತೇನೆ ಎಂದ ಮೇಲೆ ಒಪ್ಪಿದ. ಈಗ ಏನೂ ಒತ್ತದವರು ಅತ್ತಿಗೆಗೆ ಬರುತ್ತಾರೆ: ಕಣ್ಣು ಮಂಜಾದವರು, ಆನೆಕಾಡು ದಾಟುತ್ತಾ ಸ್ಟೀರಿಂಗಿನಿಂದ ಕೈ ತೆಗೆಯಲಾಗದವರು, ಯಂತ್ರಕ್ಕೆ ಉತ್ತರ ಹೇಳಿ ಅಭ್ಯಾಸವಿಲ್ಲದವರು, ದೊಡ್ಡಮ್ಮ. ಇವರಲ್ಲೇ ಬಂದು ಉಳಿಯುವವರು ಹೆಚ್ಚು ಎಂದು ಅತ್ತಿಗೆಯ ವಾದ. ಲ್ಯಾಪ್‌ಟಾಪಿನ ಗೆರೆ ಇನ್ನೂ ಒಪ್ಪಿಲ್ಲ.

ಮಳೆಗಾಲದಲ್ಲಿ ಇನ್ನೊಂದು ತಮಾಷೆ. ಮರ ಬಿದ್ದು ಕರೆಂಟು ಹೋಗಿ, ಟವರಿನ ಬ್ಯಾಟರಿ ಸತ್ತು, ನಮ್ಮ ಕಡೆ ಯಾರ ಫೋನಿಗೂ ರೇಂಜ್ ಇರುವುದಿಲ್ಲ. ಮೆನುವಿಗೆ ಅದೇನೂ ತಾಗದು. ಅದು ಇರುವುದು ಯಾವುದೋ ದೂರದ ಊರಿನ ಕಂಪ್ಯೂಟರಿನಲ್ಲಿ. ನಾವು ಸೀಮೆಎಣ್ಣೆ ದೀಪ ಹಚ್ಚಿ ಕೂತ ರಾತ್ರಿಗಳಲ್ಲೂ ನಾನು ಅಲ್ಲಿ ಕೊಡಗಿನ ಮಂಜಿಗೆ ಎಲ್ಲರನ್ನೂ ಸ್ವಾಗತಿಸುತ್ತಿರುತ್ತೇನೆ, ಹಿಂದೆ ಆ ಜೀರುಂಡೆ. ರೂಮಿಗೆ ಒಂದು ಒತ್ತಿದವರಿಗೆ ಗಂಟೆ ಹೊಡೆದು ಹೊಡೆದು ನಿಲ್ಲುತ್ತದೆ. ಜೂನ್‌ನಿಂದ ಆಗಸ್ಟ್ ತನಕ ಹಾಕುವುದಕ್ಕೆ ಬೇರೆ ಮಾತು ರೆಕಾರ್ಡ್ ಮಾಡಿಕೊಡಿ ಎಂದು ಅಣ್ಣನ ಮಗ ಮೊನ್ನೆ ಬಂದಿದ್ದ. ಸರ್ವಿಸಿನಲ್ಲಿದ್ದಾಗ ರಾತ್ರಿ ಪಾಳಿಗೆ ಭತ್ಯೆ ಕೊಡುತ್ತಿದ್ದರು, ಈ ಮೆನು ಬಂದಾಗಿನಿಂದಲೂ ನನ್ನದು ದಿನವೂ ನೈಟ್ ಡ್ಯೂಟಿಯೇ, ಹಳೆಯ ಬಾಕಿ ಕೊಟ್ಟ ಮೇಲೆ ಹೊಸದು ಎಂದಿದ್ದೇನೆ. ಅವನು ಅತ್ತಿಗೆಯ ಹತ್ತಿರ ಹೇಳಿಸಲು ಹೋಗಿದ್ದಾನೆ. ಅವರು ತಮ್ಮ ಹಳೆಯ ಬೇಡಿಕೆ, ಆ ಮುಹೂರ್ತದ ಅಂಕಿಯನ್ನು ಎದುರಿಗಿಟ್ಟಿದ್ದಾರೆ.